ನಮ್ಮ ವಾರ್ಡಿನಿಂದ ಪಾಲಿಕೆಗೆ ಹೋಗಲಿರುವ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಾವು ಯಾವ ಪಕ್ಷದ ಚಿಹ್ನೆಯಲ್ಲಿ ನಿಲ್ಲುವಿರಿ, ಈ ಬಡಾವಣೆಯಲ್ಲೇ ಹುಟ್ಟಿ ಬೆಳೆದವರೋ ಅಥವಾ ಮೀಸಲಾತಿ ಪಟ್ಟಿ ನೋಡಿಕೊಂಡು ಪಕ್ಕದ ವಾರ್ಡಿನಿಂದ ಬರುವವರೋ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ. ಅದಕ್ಕೆ ಮೊದಲೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಗೆದ್ದ ಮೇಲೆ ಒಬ್ಬರ ಕೈಗೆ ಖಾಸಗಿಯಾಗಿ ಕೊಟ್ಟ ಮನವಿ ಉಳಿದ ಮನವಿಗಳ ಕಟ್ಟಿನಲ್ಲಿ ಸೇರಿಹೋಗುತ್ತದೆ. ಎಲ್ಲ ಅಭ್ಯರ್ಥಿಗಳೂ ಎಲ್ಲ ಮತದಾರರೂ ಓದಿದ ಮಾತಿಗಾದರೆ ಮುಂದೆ ಲೆಕ್ಕ ಕೇಳಲು ಬರುತ್ತದೆ. ನಮ್ಮದು ಮಾಗಡಿ ರಸ್ತೆಯ ಆಸುಪಾಸಿನ, ಹೊಸ ವ್ಯವಸ್ಥೆಯಲ್ಲಿ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದ ವಾರ್ಡು. ಇಲ್ಲಿ ಹೇಳುವ ಸಂಗತಿಗಳಲ್ಲಿ ಹೆಚ್ಚಿನವು ನಗರದ ಬೇರೆ ವಾರ್ಡುಗಳಿಗೂ ಹೊಂದುತ್ತವೆ ಎಂದು ನನ್ನ ನಂಬಿಕೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೊನೆಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆ ಬಳಿಕ 198 ಇದ್ದ ವಾರ್ಡುಗಳು ಕಾಗದದ ಮೇಲೆ 243 ಆದವು, ಮತ್ತೆ 225ಕ್ಕೆ ಇಳಿದವು, ಕಡೆಗೆ 2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಹುಟ್ಟಿ, ಒಟ್ಟು ವಾರ್ಡುಗಳು 369 ಎಂದಾಯಿತು. ಗಡಿಗಳು ಇಷ್ಟು ಬಾರಿ ಬದಲಾದರೂ ಆ ಗಡಿಯೊಳಗಿನ ಜನರ ಪರವಾಗಿ ಮಾತಾಡಬೇಕಾದ ಸದಸ್ಯರ ಕುರ್ಚಿ ಮಾತ್ರ ಐದು ವರ್ಷಕ್ಕೂ ಮೀರಿ ಖಾಲಿಯೇ ಉಳಿಯಿತು. ಇದು ಮೊದಲ ಸಲವೂ ಅಲ್ಲ. 2006ರ ನವೆಂಬರಿನಿಂದ 2010ರ ಚುನಾವಣೆಯವರೆಗೂ ಈ ನಗರ ಆಡಳಿತಾಧಿಕಾರಿಗಳ ಕೈಯಲ್ಲೇ ಇತ್ತು. 1862ರಿಂದ ಪುರಸಭೆ, 1949ರಿಂದ ಕಾರ್ಪೊರೇಷನ್ ಕಂಡಿರುವ ಊರಿಗೆ ಇದು ಒಪ್ಪುವ ಸಂಗತಿಯಲ್ಲ.

ಅಧಿಕಾರಿಗಳು ಕೆಲಸ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಎಂಜಿನಿಯರುಗಳನ್ನೂ ರಾತ್ರಿ ಮಳೆಯಲ್ಲಿ ನಿಂತು ಮ್ಯಾನ್‌ಹೋಲ್ ತೆರೆಸಿದವರನ್ನೂ ನಾವು ಕಂಡಿದ್ದೇವೆ. ಆದರೆ ಅಧಿಕಾರಿಗೆ ವರ್ಗಾವಣೆ ಇರುತ್ತದೆ, ಬೀದಿಗೆ ಇರುವುದಿಲ್ಲ. ಒಬ್ಬರು ಅರ್ಧ ಮಾಡಿಟ್ಟ ಕೆಲಸವನ್ನು ಮುಂದೆ ಬಂದವರಿಗೆ ಮೊದಲಿನಿಂದ ವಿವರಿಸುವುದೇ ಇಲ್ಲಿನ ನಿವಾಸಿಗಳ ಕೆಲಸವಾಗಿಬಿಟ್ಟಿತ್ತು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಕೋವಿಡ್ ಎರಡನೇ ಅಲೆ ಏರಿದಾಗ, ಈ ಕೊರತೆ ಎಷ್ಟು ದೊಡ್ಡದೆಂದು ಮನೆಮನೆಗೂ ಗೊತ್ತಾಯಿತು. ಸೋಂಕು ದೃಢಪಟ್ಟವರಿಗೆ ಕೊಡುತ್ತಿದ್ದ ಬಿಯು ನಂಬರ್ ಬರದೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದು, ಫೋನ್ ಮಾಡಿದರೆ ಎಂಗೇಜ್, ಯಾವ ಮನೆಯಲ್ಲಿ ಒಬ್ಬರೇ ವೃದ್ಧರಿದ್ದಾರೆ, ಯಾವ ವಠಾರದಲ್ಲಿ ಐದು ಮನೆಗೆ ಒಂದೇ ಶೌಚಾಲಯವಿದೆ ಎಂದು ಬಲ್ಲ ಚುನಾಯಿತ ವ್ಯಕ್ತಿ ಒಬ್ಬರೂ ಅಧಿಕಾರದಲ್ಲಿ ಇರಲಿಲ್ಲ. ಬೀದಿಯ ಯುವಕರು ತಮ್ಮ ಕೈಲಾದದ್ದನ್ನು ಮಾಡಿದರು. ಅವರಿಗೆ ಅಧಿಕಾರವಿರಲಿಲ್ಲ, ಅವರ ಮಾತನ್ನು ಯಾವ ಕಚೇರಿಯೂ ಕೇಳಬೇಕಾಗಿರಲಿಲ್ಲ.

ಹೀಗಾಗಿ ತಾವು ಬರುವುದು ನಮಗೆ ಬೇಕಾಗಿದೆ. ಬಂದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ ನನ್ನದು ಒಂದೇ ಬೇಡಿಕೆ, ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ: ತಿಂಗಳಿಗೊಮ್ಮೆ ವಾರ್ಡ್ ಸಮಿತಿಯ ಸಭೆಯನ್ನು ತಪ್ಪದೆ, ಎಲ್ಲರಿಗೂ ಬಾಗಿಲು ತೆರೆದು, ನಡೆಸಬೇಕು, ಅದರ ನಡಾವಳಿಯನ್ನು ಬರೆಸಿ, ಯಾರು ಏನನ್ನು ಯಾವ ದಿನಾಂಕದೊಳಗೆ ಮಾಡಲು ಒಪ್ಪಿಕೊಂಡರು ಎಂಬುದನ್ನು ವಾರ್ಡಿನಲ್ಲಿ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು.

ಇದು ತಾವು ನಮಗೆ ತೋರುವ ಔದಾರ್ಯವಲ್ಲ. 1993ರ ಜೂನ್ 1ರಿಂದ ಜಾರಿಯಲ್ಲಿರುವ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ವಾರ್ಡ್ ಸಮಿತಿಗೆ ಜಾಗವಿದೆ. ನಮ್ಮ ರಾಜ್ಯದ ಪೌರ ನಿಗಮಗಳ ಕಾಯ್ದೆಗೆ ಸೇರಿಸಿದ ನಿಯಮದಂತೆ ವಾರ್ಡಿನ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಮಂದಿಯ ಸಮಿತಿ ಇರಬೇಕಿತ್ತು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ಹಾಗಿದ್ದೂ ಬೆಂಗಳೂರಿನಲ್ಲಿ ಈ ಸಭೆಗಳು ನಿಜವಾಗಿ ಶುರುವಾದದ್ದು 2018ರ ಕೊನೆಗೆ, ಅದೂ ಕಸ ವಿಲೇವಾರಿ ಪ್ರಕರಣದಲ್ಲಿ ಹೈಕೋರ್ಟ್ ಪಟ್ಟು ಹಿಡಿದ ಮೇಲೆ ಮತ್ತು ನಾಗರಿಕ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ. ತಿಂಗಳ ಮೊದಲ ಶನಿವಾರ ಸಭೆ ಎಂದು ಗೊತ್ತಾಯಿತು. ಕೆಲವು ವಾರ್ಡುಗಳಲ್ಲಿ ಅದು ಚೆನ್ನಾಗಿ ನಡೆಯಿತು. ಇನ್ನು ಕೆಲವೆಡೆ ಸಮಿತಿಗೆ ಸದಸ್ಯರ ಬೆಂಬಲಿಗರೇ ತುಂಬಿಕೊಂಡು, ಕಾಫಿ ಕುಡಿದು ಸಹಿ ಹಾಕಿ ಎದ್ದುಹೋಗುವ ಶಾಸ್ತ್ರವಾಯಿತು. ಕೌನ್ಸಿಲ್ ಮುಗಿದ ಮೇಲೆ ನೋಡಲ್ ಅಧಿಕಾರಿಗಳನ್ನು ನೇಮಿಸಿ ಸಭೆಗಳನ್ನು ಮುಂದುವರಿಸಲಾಯಿತು. ಬರಬರುತ್ತಾ ಅನೇಕ ಕಡೆ ಅದೂ ತಣ್ಣಗಾಯಿತು. ಹೊಸ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯೂ ವಾರ್ಡ್ ಸಮಿತಿಯನ್ನು ಉಳಿಸಿಕೊಂಡಿದೆ. ಕಾನೂನು ಇದ್ದೂ ಸಭೆ ನಡೆಯದಿದ್ದರೆ ಅದಕ್ಕೆ ಹೊಣೆ ಅಧ್ಯಕ್ಷರ ಸ್ಥಾನದಲ್ಲಿರುವ ತಾವೇ ಆಗುತ್ತೀರಿ.

ಈ ಸಲ ಸಭೆ ನಡೆಸಲು ಒಂದು ಅನುಕೂಲವೂ ಒದಗಿದೆ. 2011ರ ಜನಗಣತಿಯಂತೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಆ ಲೆಕ್ಕದಲ್ಲಿ 198 ವಾರ್ಡುಗಳಿದ್ದಾಗ ಸರಾಸರಿ ಒಂದು ವಾರ್ಡಿಗೆ 42 ಸಾವಿರಕ್ಕೂ ಹೆಚ್ಚು ಜನರಿದ್ದರು. 369 ಆದ ಮೇಲೆ ಅದೇ ಲೆಕ್ಕ ಸುಮಾರು 23 ಸಾವಿರಕ್ಕೆ ಇಳಿಯುತ್ತದೆ. ಈಗಿನ ಜನಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿದ್ದರೂ ವಾರ್ಡು ಸುಮಾರು ಅರ್ಧಕ್ಕೆ ಚಿಕ್ಕದಾಗಿರುವುದು ನಿಜ. ನಮ್ಮ ವಾರ್ಡನ್ನು ಬೆಳಗಿನ ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದೇ ನೋಡಿ ಮುಗಿಸಬಹುದು. ಕಾರಿನಿಂದ ಇಳಿದು ನಡೆಯಿರಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಕೆಳಗೆ ಹೇಳುವ ಚರಂಡಿ ಕಾರಿನ ಕಿಟಕಿಗೆ ಕಾಣುವುದಿಲ್ಲ.

ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಕಾಂಪೌಂಡಿನ ಉದ್ದಕ್ಕೂ ಹೋಗುವ ರಸ್ತೆ ಬದಿಯ ಚರಂಡಿ ಅದು. ಪ್ರತಿ ಮುಂಗಾರಿಗೆ ಮೊದಲು ಅಲ್ಲಿ ಹೂಳು ತೆಗೆಯುತ್ತಾರೆ. ಮೇಲಿನ ಕಲ್ಲು ಚಪ್ಪಡಿಗಳನ್ನು ಗಡಾರಿಯಿಂದ ಎಬ್ಬಿಸಿ ಗೋಡೆಗೆ ಒರಗಿಸುತ್ತಾರೆ. ಒಳಗಿನ ಕಪ್ಪು ಕೆಸರನ್ನು, ಅದರೊಂದಿಗೆ ಬಂದ ಎಳನೀರು ಬುರುಡೆ, ಹಾಲಿನ ಪ್ಯಾಕೆಟ್, ಥರ್ಮಾಕೋಲ್ ಚೂರು, ಒಡೆದ ಟೈಲ್ಸುಗಳನ್ನು ಎತ್ತಿ ಚರಂಡಿಯ ಅಂಚಿನಲ್ಲೇ ಗುಡ್ಡೆ ಹಾಕುತ್ತಾರೆ. ನೀರು ಇಂಗಿ ಒಣಗಿದ ಮೇಲೆ ಸಾಗಿಸುತ್ತೇವೆ ಎನ್ನುತ್ತಾರೆ. ಗುಡ್ಡೆ ಒಣಗುವಷ್ಟರಲ್ಲಿ ಮೊದಲ ಮಳೆ ಬರುತ್ತದೆ, ಅರ್ಧ ಕೆಸರು ಎಲ್ಲಿಂದ ಬಂತೋ ಅಲ್ಲಿಗೇ ಇಳಿಯುತ್ತದೆ, ಉಳಿದರ್ಧ ರಸ್ತೆಯ ಮೇಲೆ ಹರಡಿಕೊಳ್ಳುತ್ತದೆ. ಮಕ್ಕಳು ಶಾಲೆ ಬಿಟ್ಟು ಬರುವಾಗ ಒಂದು ಪಕ್ಕ ತೆರೆದ ಚರಂಡಿ, ಇನ್ನೊಂದು ಪಕ್ಕ ಓಡುವ ಟೆಂಪೋಗಳು. ಎಬ್ಬಿಸಿದ ಚಪ್ಪಡಿಗಳಲ್ಲಿ ಎರಡು ಮೂರು ಒಡೆದಿರುತ್ತವೆ, ಅವು ಮತ್ತೆ ಮುಚ್ಚಲು ಬರುವುದಿಲ್ಲ. ಹೂಳೆತ್ತಿದ್ದಕ್ಕೆ ಬಿಲ್ಲು ಆಗುತ್ತದೆ. ಇದೇ ನೀರು ಮುಂದೆ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿಗೆ ಸೇರುತ್ತದೆ. ಇಲ್ಲಿ ಕಟ್ಟಿಕೊಂಡರೆ ತಗ್ಗಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆಯೇನೂ ಬೇಡ. ಎತ್ತಿದ ಹೂಳನ್ನು ಇಷ್ಟು ಗಂಟೆಯೊಳಗೆ ಸಾಗಿಸಬೇಕು, ಒಡೆದ ಚಪ್ಪಡಿಯನ್ನು ಬದಲಿಸಬೇಕು, ಆಮೇಲೆಯೇ ಬಿಲ್ಲಿಗೆ ಸಹಿ ಬೀಳಬೇಕು ಎಂಬುದು ಸಭೆಯಲ್ಲಿ ತೀರ್ಮಾನವಾಗಿ, ವಾರ್ಡ್ ಎಂಜಿನಿಯರ್ ಒಪ್ಪಿಕೊಂಡು, ನಡಾವಳಿಯಲ್ಲಿ ದಾಖಲಾಗಿ, ಮುಂದಿನ ತಿಂಗಳ ಸಭೆಯಲ್ಲಿ ಮೊದಲ ವಿಷಯವಾಗಿ ಮತ್ತೆ ಓದಿಸಿದರೆ ಸಾಕು. ಹಾಗೆ ಎರಡು ಮೂರು ತಿಂಗಳು ಓದಿಸಿದ ಮೇಲೆ ಗುತ್ತಿಗೆದಾರರಿಗೂ ವಿಷಯ ಮುಟ್ಟುತ್ತದೆ. ಸಭೆಯ ಶಕ್ತಿ ಇರುವುದು ಈ ಬೇಸರವಿಲ್ಲದ ಪುನರುಚ್ಚಾರದಲ್ಲಿ.

ರಸ್ತೆ ಅಗೆತದ ವಿಷಯವೂ ಇಂಥದೇ, ಇನ್ನಷ್ಟು ದುಬಾರಿಯಾದದ್ದು. ಡಾಂಬರು ಹಾಕುವುದು ಪಾಲಿಕೆ. ನೀರಿನ ಮತ್ತು ಒಳಚರಂಡಿ ಕೊಳವೆ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು. ವಿದ್ಯುತ್ ಕೇಬಲ್ ಬೆಸ್ಕಾಂದು. ಅದರ ಮೇಲೆ ಇಂಟರ್ನೆಟ್ ಕೇಬಲ್ ಎಳೆಯುವ ಖಾಸಗಿ ಕಂಪನಿಗಳು. ಡಾಂಬರು ಹಾಕಿ ರೋಲರ್ ಓಡಾಡಿದ ಗುರುತು ಮಾಸುವ ಮೊದಲೇ ಅದೇ ರಸ್ತೆಯನ್ನು ಕೊಳವೆಗಾಗಿ ಬಗೆದು, ಮಣ್ಣು ಮುಚ್ಚಿ ಹೋಗುವುದನ್ನು ಬೆಂಗಳೂರಿನಲ್ಲಿ ನೋಡದವರಿಲ್ಲ. ಕೇಳಿದರೆ ಪ್ರತಿಯೊಂದು ಕಚೇರಿಯೂ ಇನ್ನೊಂದರ ಕಡೆ ಕೈ ತೋರಿಸುತ್ತದೆ. ಕಾನೂನಿನ ಪ್ರಕಾರ ಇವುಗಳಲ್ಲಿ ಎಷ್ಟೋ ಸಂಸ್ಥೆಗಳು ತಮ್ಮ ಅಧೀನದಲ್ಲಿ ಇರುವುದಿಲ್ಲ. ಅದನ್ನು ಬಲ್ಲೆವು, ತಮ್ಮ ಕೈಯಲ್ಲಿಲ್ಲದ್ದಕ್ಕೆ ತಮ್ಮನ್ನು ದೂರುವ ಉದ್ದೇಶ ನಮಗಿಲ್ಲ. ಆದರೆ ಒಂದೇ ಮೇಜಿನ ಸುತ್ತ ಪಾಲಿಕೆಯ ಎಂಜಿನಿಯರ್, ಜಲಮಂಡಳಿಯ ಎಂಜಿನಿಯರ್, ಬೆಸ್ಕಾಂ ಸೆಕ್ಷನ್ ಅಧಿಕಾರಿ, ಹೆಲ್ತ್ ಇನ್ಸ್‌ಪೆಕ್ಟರ್, ಸಂಚಾರ ಠಾಣೆಯವರು ಇಷ್ಟು ಜನರನ್ನು ತಿಂಗಳಿಗೊಮ್ಮೆ ಕರೆದು ಕೂರಿಸಿ, ಮುಂದಿನ ಮೂರು ತಿಂಗಳಲ್ಲಿ ಯಾವ ಅಡ್ಡರಸ್ತೆಯನ್ನು ಯಾರು ಅಗೆಯುತ್ತಾರೆ ಎಂದು ಎಲ್ಲರೆದುರು ಹೇಳಿಸುವುದು ವಾರ್ಡಿನಲ್ಲಿ ಬೇರೆ ಯಾರಿಂದಲೂ ಆಗದ ಕೆಲಸ. ಕೊಳವೆ ಮೊದಲು, ಡಾಂಬರು ಆಮೇಲೆ ಎಂಬ ಕ್ರಮವೊಂದನ್ನು ತಮ್ಮ ಅವಧಿಯಲ್ಲಿ ಈ ವಾರ್ಡಿನಲ್ಲಿ ತಂದರೆ, ಹತ್ತು ಕಮಾನು ಕಟ್ಟಿಸಿದ್ದಕ್ಕಿಂತ ಹೆಚ್ಚಿನ ಕೆಲಸ ಆದಂತೆ.

ಕಮಾನಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬಸ್ ತಂಗುದಾಣದ ಮೇಲೆ, ಉದ್ಯಾನದ ಗೇಟಿನ ಮೇಲೆ, ಕುಡಿಯುವ ನೀರಿನ ಘಟಕದ ಮೇಲೆ ಸದಸ್ಯರ ಹೆಸರು ದೊಡ್ಡ ಅಕ್ಷರದಲ್ಲಿ ಬರೆಸುವ ರೂಢಿ ಇದೆ. ಆ ಹಣ ನಮ್ಮ ಆಸ್ತಿ ತೆರಿಗೆಯದು. ಹೆಸರಿನ ಜಾಗದಲ್ಲಿ ಕಾಮಗಾರಿಯ ಜಾಬ್ ನಂಬರ್, ಮಂಜೂರಾದ ಮೊತ್ತ, ಗುತ್ತಿಗೆದಾರರು ಯಾರು, ಮುಗಿಸಬೇಕಾದ ದಿನ ಯಾವುದು, ಕೆಟ್ಟರೆ ಎಷ್ಟು ವರ್ಷದವರೆಗೆ ಅವರೇ ಸರಿಮಾಡಿಕೊಡಬೇಕು ಎಂಬ ವಿವರವನ್ನು ಬರೆಸಿದರೆ ಜನ ತಮ್ಮನ್ನು ಇನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಕುಡಿಯುವ ನೀರಿನ ಘಟಕ ಎಂದೆ. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕ್ಯಾನು ಹಿಡಿದು ಘಟಕದ ಮುಂದೆ ಸಾಲು ನಿಂತ ದಿನಗಳವು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ಮುಖ್ಯವಾಗಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಆದರೂ ಬೇಸಿಗೆಗೆ ಮುಂಚೆಯೇ, ಅಂದರೆ ಜನವರಿಯ ಸಭೆಯಲ್ಲಿ, ವಾರ್ಡಿನ ಪ್ರತಿಯೊಂದು ಕೊಳವೆ ಬಾವಿಯ, ಮೋಟಾರಿನ, ಘಟಕದ ಸ್ಥಿತಿಯನ್ನು ಓದಿಸಿ ದುರಸ್ತಿ ಮುಗಿಸಿಡುವುದು ಒಳ್ಳೆಯದು. ಏಪ್ರಿಲಿನಲ್ಲಿ ಟ್ಯಾಂಕರ್ ಹಿಂದೆ ಓಡಾಡುವುದು ತಮಗೂ ತಪ್ಪುತ್ತದೆ.

ಪೌರಕಾರ್ಮಿಕರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಬೆಳಗಿನ ಜಾವ ಮಸ್ಟರಿಂಗ್ ಪಾಯಿಂಟಿನಲ್ಲಿ ಹಾಜರಿ ಕೊಟ್ಟು ಪೊರಕೆ ಹಿಡಿಯುವವರಲ್ಲಿ ಬಹುಪಾಲು ಹೆಂಗಸರು. ಬಹಳ ವರ್ಷಗಳ ಹೋರಾಟದ ನಂತರ ಸಾವಿರಾರು ಮಂದಿಯ ಕೆಲಸ ಕಾಯಂ ಆಗಿರುವುದು ಸಂತೋಷದ ಸಂಗತಿ. ಆದರೆ ಕೆಲಸದ ಹೊತ್ತಿನಲ್ಲಿ ಅವರಿಗೆ ಹೋಗಲು ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ, ತಂದ ಬುತ್ತಿಯನ್ನು ಅಂಗಡಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ತಿನ್ನುತ್ತಾರೆ, ಅಂಗಡಿ ತೆರೆಯುವ ಹೊತ್ತಾದರೆ ಅಲ್ಲಿಂದಲೂ ಏಳಬೇಕು. ವಾರ್ಡಿನಲ್ಲಿ ಪಾಲಿಕೆಗೆ ಸೇರಿದ ಕಟ್ಟಡಗಳಿವೆ. ಅವುಗಳಲ್ಲಿ ಒಂದು ಕೋಣೆ, ಒಂದು ಶೌಚಾಲಯ, ಕುಡಿಯುವ ನೀರು ಇಷ್ಟನ್ನು ತಮ್ಮ ಮೊದಲ ಮೂರು ತಿಂಗಳಲ್ಲೇ ಮಾಡಿಸಬೇಕೆಂದು ನನ್ನ ಪ್ರಾರ್ಥನೆ. ವಾರ್ಡ್ ಸಮಿತಿಯಲ್ಲಿ ಅವರ ಪೈಕಿ ಒಬ್ಬರ ಮಾತನ್ನು ಪ್ರತಿ ಸಭೆಯಲ್ಲೂ ಕೇಳಿಸಿಕೊಳ್ಳಬೇಕು. ಯಾವ ಮೂಲೆಯಲ್ಲಿ ರಾತ್ರಿ ಕಸ ಬೀಳುತ್ತದೆ, ಯಾವ ಹೋಟೆಲಿನದು, ಯಾವ ಮಾಂಸದಂಗಡಿಯದು, ಯಾವ ಅಪಾರ್ಟ್‌ಮೆಂಟಿನದು ಎಂದು ಅವರಿಗೆ ಗೊತ್ತಿರುವಷ್ಟು ಯಾವ ಕ್ಯಾಮೆರಾಕ್ಕೂ ಗೊತ್ತಿಲ್ಲ.

ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರೆ ಮಾಡಿ ಕೊಡಬೇಕೆಂಬ ಎರಡು ಬುಟ್ಟಿ ಒಂದು ಚೀಲದ ಕ್ರಮವನ್ನು ಹೈಕೋರ್ಟ್ 2015ರ ಡಿಸೆಂಬರಿನಲ್ಲೇ ಕಡ್ಡಾಯ ಮಾಡಿತು. ಅನೇಕ ಮನೆಗಳು ಇಂದಿಗೂ ಶ್ರದ್ಧೆಯಿಂದ ಬೇರೆ ಮಾಡುತ್ತವೆ. ಆಟೋ ಟಿಪ್ಪರ್ ಬಂದಾಗ ಎಲ್ಲವೂ ಒಂದೇ ಕಡೆ ಸುರಿಯಲ್ಪಟ್ಟರೆ ಆ ಶ್ರದ್ಧೆ ಎಷ್ಟು ದಿನ ಉಳಿದೀತು? ಮಾವಳ್ಳಿಪುರದ, ಮಂಡೂರಿನ ಜನ ನಮ್ಮ ಕಸದ ವಾಸನೆಯಲ್ಲಿ ವರ್ಷಗಟ್ಟಲೆ ಬದುಕಿ, ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಈಗ ಬೇರೆ ಊರಿನ ಹೊರವಲಯ ಅದನ್ನು ಅನುಭವಿಸುತ್ತಿದೆ. ವಾರ್ಡಿನಲ್ಲಿ ಬೇರ್ಪಟ್ಟ ಪ್ರತಿ ಕಿಲೋ ಕಸ ಆ ಜನರಿಗೆ ಕಡಿಮೆಯಾದ ಹೊರೆ. ನಮ್ಮ ಮೂರನೇ ಅಡ್ಡರಸ್ತೆಯ ತಿರುವಿನಲ್ಲಿ ಕಸ ಬೀಳುತ್ತಿದ್ದ ಜಾಗವನ್ನು ತೊಳೆದು, ಅಲ್ಲಿನ ಮನೆಗಳ ಹೆಂಗಸರು ದಿನಾ ಬೆಳಿಗ್ಗೆ ರಂಗೋಲಿ ಹಾಕಿ ಉಳಿಸಿಕೊಂಡಿದ್ದಾರೆ. ಅವರಿಗೆ ಬೇಕಾದದ್ದು ಒಂದು ಬೀದಿ ದೀಪ ಮತ್ತು ರಾತ್ರಿ ಬೈಕಿನಲ್ಲಿ ಬಂದು ಚೀಲ ಎಸೆಯುವವರಿಗೆ ದಂಡ ಹಾಕುವ ಮಾರ್ಷಲ್ ಅಷ್ಟೇ.

ಬೆಳಿಗ್ಗೆ ತಮ್ಮ ಮನೆಯ ಮುಂದೆ ಜನ ಸೇರುತ್ತಾರೆ. ವಿಧವಾ ವೇತನ ನಿಂತಿದೆ ಎಂದು ಬರುವ ತಾಯಿ, ಇ-ಖಾತೆಯಲ್ಲಿ ಹೆಸರು ತಪ್ಪಾಗಿದೆ ಎಂದು ಕಾಗದ ಹಿಡಿದು ಬರುವ ನಿವೃತ್ತ ನೌಕರರು, ಆಸ್ಪತ್ರೆಗೊಂದು ಪತ್ರ ಬೇಕೆಂದು ಬರುವವರು. ಇದನ್ನು ಸಣ್ಣ ಕೆಲಸವೆಂದು ಹೇಳುವ ಓದಿದವರಿದ್ದಾರೆ; ನಾನು ಆ ಮಾತನ್ನು ಒಪ್ಪುವುದಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಸೋತವರಿಗೆ ಹೆಸರು ಹಿಡಿದು ಕರೆದು ಕೂರಿಸುವ ಒಂದು ಬಾಗಿಲು ಇರಲೇಬೇಕು. ಆದರೆ ಅದು ಬಾಗಿಲಿಗೆ ಬಂದವರಿಗಷ್ಟೇ ಸಿಗುವ ಉಪಕಾರವಾಗಬಾರದು. ಒಂದೇ ಬಗೆಯ ತೊಂದರೆ ಹತ್ತು ಮಂದಿಯಿಂದ ಬಂದರೆ ಅದನ್ನು ಸಭೆಗೆ ತಂದು, ಸಂಬಂಧಪಟ್ಟ ಕಚೇರಿಯವರು ವಾರ್ಡಿನಲ್ಲೇ ಒಂದು ದಿನ ಕುಳಿತು ಬಗೆಹರಿಸುವಂತೆ ಮಾಡಬೇಕು.

ತಾವು ಮಹಿಳೆಯಾಗಿದ್ದರೆ ಇನ್ನೊಂದು ಮಾತು. ಹಿಂದಿನ ಕೌನ್ಸಿಲಿನಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಅವರಲ್ಲಿ ಸ್ವಂತ ಶಕ್ತಿಯಿಂದ ಹೆಸರು ಮಾಡಿದವರು ಎಷ್ಟೋ ಮಂದಿ. ಹಾಗಿದ್ದೂ ಕೆಲವು ಕಡೆ ಗಂಡನೋ ಮೈದುನನೋ ಅಧಿಕಾರಿಗಳೊಂದಿಗೆ ಮಾತಾಡುತ್ತಿದ್ದರು, ಸದಸ್ಯೆ ಸಹಿಗಷ್ಟೇ ಎಂಬಂತಿತ್ತು. ನಾವು ಮತ ಹಾಕುವುದು ತಮಗೆ. ಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ತಾವೇ ಕೂರಬೇಕು, ಫೋನನ್ನು ತಾವೇ ಎತ್ತಬೇಕು. ಅದಕ್ಕೆ ಅಡ್ಡಿ ಮಾಡುವವರು ಮನೆಯವರೇ ಆಗಿರಲಿ, ಪಕ್ಷದವರೇ ಆಗಿರಲಿ, ಈ ವಾರ್ಡಿನ ಹೆಂಗಸರು ತಮ್ಮ ಬೆನ್ನಿಗೆ ನಿಲ್ಲುತ್ತಾರೆ.

ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನೂ ಯೋಚಿಸಿ. ಕೆಲಸದ ದಿನ ಹನ್ನೊಂದು ಗಂಟೆಗೆ ವಾರ್ಡ್ ಕಚೇರಿಯ ಮಹಡಿಯ ಮೇಲೆ ಇಟ್ಟರೆ ಸಂಘಗಳ ಪದಾಧಿಕಾರಿಗಳಾದ ನಮ್ಮಂಥ ಮೂರು ನಾಲ್ಕು ಹಿರಿಯರು ಬರುತ್ತೇವೆ. ಬಾಡಿಗೆ ಮನೆಯವರು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ತಳ್ಳುಗಾಡಿಯ ವ್ಯಾಪಾರಿಗಳು, ಆಟೋ ಚಾಲಕರು ಬರಲಾರರು. ಸಂಘಗಳ ದನಿಯೊಂದನ್ನೇ ವಾರ್ಡಿನ ದನಿ ಎಂದು ತಾವು ತಿಳಿದರೆ ಪಾದಚಾರಿ ಮಾರ್ಗದ ಸೊಪ್ಪಿನ ಅಜ್ಜಿಯನ್ನು ಎಬ್ಬಿಸುವುದೇ ಮೊದಲ ನಿರ್ಣಯವಾದೀತು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ. ಅವರಿಗೆ ಗುರುತಿನ ಜಾಗ ಕೊಟ್ಟು, ನಡೆಯುವವರಿಗೂ ದಾರಿ ಬಿಡಿಸುವುದು ಅವರನ್ನೂ ಕೂರಿಸಿಕೊಂಡು ಮಾತಾಡಿದರೆ ಮಾತ್ರ ಸಾಧ್ಯ. ಆದ್ದರಿಂದ ಸಭೆಯನ್ನು ಭಾನುವಾರ ಸಂಜೆ ಶಾಲೆಯ ಅಂಗಳದಲ್ಲಿ ಇಡಿ. ಕುರ್ಚಿ, ಶಾಮಿಯಾನ, ಧ್ವನಿವರ್ಧಕದ ಏರ್ಪಾಡು ಬಡಾವಣೆಯವರು ಮಾಡಿಕೊಳ್ಳುತ್ತೇವೆ. ನಡಾವಳಿಯನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಬರೆದು, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೂ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಹಾಕಿಸುವ ಕೆಲಸಕ್ಕೆ ಇಲ್ಲಿನ ಕಾಲೇಜು ಹುಡುಗರು ಸಿದ್ಧರಿದ್ದಾರೆ.

ಈ ಪತ್ರದ ಪ್ರತಿಯನ್ನು ನಮ್ಮ ವಾರ್ಡಿನಲ್ಲಿ ನಾಮಪತ್ರ ಸಲ್ಲಿಸುವ ಪ್ರತಿಯೊಬ್ಬರಿಗೂ ಕೊಡುತ್ತೇವೆ. ಮತ ಕೇಳಲು ಮನೆಗೆ ಬಂದವರನ್ನು, ಅವರು ಯಾವ ಪಕ್ಷದವರೇ ಆಗಲಿ, ಮೊದಲ ಸಭೆ ಯಾವ ದಿನಾಂಕಕ್ಕೆ ಎಂದು ಕೇಳುತ್ತೇವೆ, ಹೇಳಿದ ದಿನಾಂಕವನ್ನು ಅವರ ಎದುರಿಗೇ ಬರೆದುಕೊಳ್ಳುತ್ತೇವೆ. ಆ ದಿನ ಶಾಲೆಯ ಮುಂದಿನ ಚರಂಡಿಯ ವಿಷಯ ಮೊದಲನೆಯದಾಗಿ ಬರುವಂತೆ ಕಾರ್ಯಸೂಚಿ ಸಿದ್ಧಮಾಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರು ಪಶ್ಚಿಮ ನಗರ ಪಾಲಿಕೆಯ ಒಬ್ಬ ಮತದಾರ